ಹೊಸ್ತಿಲಾಚೆಯ ನಾಯಕ: ವೆಸ್ಟರ್ನ್ ಚಲನಚಿತ್ರಗಳಲ್ಲಿ ಜನಾಂಗದ್ವೇಷ ಮತ್ತು ನೈತಿಕತೆಯ ಪ್ರಶ್ನೆ

ಅಮೆರಿಕದ ಚಲನಚಿತ್ರ ಪ್ರಕಾರಗಳಲ್ಲಿ ‘ವೆಸ್ಟರ್ನ್’ ಅತ್ಯಂತ ಹಳೆಯವುಗಳಲ್ಲೊಂದು. ಕನ್ನಡದ ಪ್ರೇಕ್ಷಕರು ಇದನ್ನು ‘ಕೌಬಾಯ್ ಸಿನಿಮಾ’ ಎಂದು ಕರೆಯುವುದು ರೂಢಿ. ಅಂತರ್ಯುದ್ಧ ಮುಗಿದ 1865ರಿಂದ ಆ ಶತಮಾನದ ಕೊನೆಯವರೆಗಿನ ಅವಧಿಯಲ್ಲಿ, ಮಿಸಿಸಿಪಿ ನದಿಯ ಪಶ್ಚಿಮದ ಬಯಲು, ಬೆಟ್ಟ, ಮರುಭೂಮಿಗಳಲ್ಲಿ ಬಿಳಿಯ ವಲಸೆಗಾರರು ನೆಲೆಯೂರಿದ ಕಥೆಯೇ ಇದರ ಮೂಲದ್ರವ್ಯ. ಇದನ್ನು ಬರಿಯ ಮನರಂಜನೆಯೆಂದು ಬದಿಗೆ ಸರಿಸುತ್ತಿದ್ದ ಕಾಲವೊಂದಿತ್ತು. 1954ರಲ್ಲಿ ರಾಬರ್ಟ್ ವಾರ್‌ಶೋ ಬರೆದ ಲೇಖನದಿಂದ ಮೊದಲ್ಗೊಂಡು, 1990ರ ದಶಕದಲ್ಲಿ ಬಂದ ರಿಚರ್ಡ್ ಸ್ಲಾಟ್‌ಕಿನ್ ಮತ್ತು ಜೇನ್ ಟಾಂಪ್ಕಿನ್ಸ್ ಅವರ ಅಧ್ಯಯನಗಳವರೆಗೆ ನಡೆದ ಚರ್ಚೆ ಆ ಧೋರಣೆಯನ್ನು ಬದಲಿಸಿದೆ. ಒಂದು ರಾಷ್ಟ್ರ ತನ್ನ ಹುಟ್ಟಿನ ಬಗೆಗೆ ತನಗೆ ತಾನೇ ಹೇಳಿಕೊಳ್ಳುವ ಪುರಾಣವೆಂದು ಈ ಚಿತ್ರಗಳನ್ನು ಓದುವ ಕ್ರಮ ಈಗ ಗಟ್ಟಿಗೊಂಡಿದೆ.

ಈ ಪುರಾಣಕ್ಕೆ ವಿದ್ವತ್ತಿನ ಬೆಂಬಲವೂ ಇತ್ತು. ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್ 1893ರಲ್ಲಿ ಶಿಕಾಗೋ ನಗರದಲ್ಲಿ ಮಂಡಿಸಿದ ಪ್ರಬಂಧವು, ಅಮೆರಿಕನ್ನರ ಸ್ವಭಾವವನ್ನೂ ಅವರ ಪ್ರಜಾಪ್ರಭುತ್ವವನ್ನೂ ರೂಪಿಸಿದ್ದು ಪಶ್ಚಿಮದತ್ತ ಸರಿಯುತ್ತಿದ್ದ ಗಡಿನಾಡು ಎಂದು ವಾದಿಸಿತು. ಅಲ್ಲಿ ‘ಖಾಲಿ ನೆಲ’ ಇತ್ತು ಎಂಬುದು ಈ ವಾದದ ಆಧಾರ. ಆದರೆ ನೆಲ ಖಾಲಿಯಿರಲಿಲ್ಲ. ಕೊಮಾಂಚಿ, ಅಪಾಚಿ, ಶೊಷೋನ್, ಚೆಯೆನ್, ನವಾಹೋ ಮೊದಲಾದ ಮೂಲನಿವಾಸಿ ಸಮುದಾಯಗಳು ಅಲ್ಲಿದ್ದವು, ಮೆಕ್ಸಿಕನ್ನರಿದ್ದರು, ಗುಲಾಮಗಿರಿಯಿಂದ ಬಿಡುಗಡೆ ಪಡೆದು ಪಶ್ಚಿಮಕ್ಕೆ ಬಂದ ಕಪ್ಪು ಜನರಿದ್ದರು. ಇವರನ್ನು ಅಳಿಸಿದ ಮೇಲೆಯೇ ಆ ನೆಲ ಖಾಲಿಯಾಗಿ ಕಾಣತೊಡಗಿದ್ದು. ವೆಸ್ಟರ್ನ್ ಚಿತ್ರದ ನಾಯಕ ಮೂಲತಃ ನೀತಿವಂತ. ಕಾನೂನು ಇನ್ನೂ ಕಾಲಿಡದ ಜಾಗದಲ್ಲಿ ನ್ಯಾಯಾನ್ಯಾಯವನ್ನು ತನ್ನ ಆತ್ಮಸಾಕ್ಷಿಯಿಂದಲೇ ಅಳೆಯಬಲ್ಲವನು. ಆದರೆ ಅವನು ನಿಂತಿರುವ ನೆಲವೇ ಅನ್ಯಾಯದಿಂದ ಬಂದದ್ದು. ಹೀಗಿರುವಾಗ ಈ ಪ್ರಕಾರವು ಜನಾಂಗದ್ವೇಷವನ್ನು ಒಂದು ನೈತಿಕ ಪ್ರಶ್ನೆಯಾಗಿ ಎತ್ತಿಕೊಳ್ಳಲು ಸಾಧ್ಯವೇ? ಎತ್ತಿಕೊಂಡರೆ ಎಲ್ಲಿಯವರೆಗೆ ಹೋಗಬಲ್ಲದು? 1943ರಿಂದ 1962ರ ನಡುವೆ ತೆರೆಕಂಡ ಕೆಲವು ಚಿತ್ರಗಳನ್ನು ಈ ದೃಷ್ಟಿಯಿಂದ ನೋಡಬಹುದು.

ಅದಕ್ಕೆ ಮುನ್ನ ಪರಿಭಾಷೆಯ ತೊಡಕೊಂದಿದೆ. ಕನ್ನಡದಲ್ಲಿ ಈ ವಿಷಯಕ್ಕೆ ‘ವರ್ಣಭೇದ’ ಎಂಬ ಮಾತು ಬಹುಕಾಲದಿಂದ ಬಳಕೆಯಲ್ಲಿದೆ. ದಕ್ಷಿಣ ಆಫ್ರಿಕದ ಸಂದರ್ಭದಲ್ಲಿ ಅದು ಸರಿಹೊಂದಿದಂತೆ ಕಂಡರೂ ಈ ಚಿತ್ರಗಳ ಸಂದರ್ಭದಲ್ಲಿ ಸಾಲದು. ‘ವರ್ಣ’ ಎಂದಾಗ ಒಂದೆಡೆ ಚಾತುರ್ವರ್ಣ್ಯದ ನೆನಪು ಬರುತ್ತದೆ. ಇನ್ನೊಂದೆಡೆ ಕಣ್ಣಿಗೆ ಕಾಣುವ ಮೈಬಣ್ಣಕ್ಕೆ ಅರ್ಥ ಸೀಮಿತಗೊಳ್ಳುತ್ತದೆ. ಇಲ್ಲಿನ ಮುಖ್ಯ ಚಿತ್ರಗಳಲ್ಲಿ ದ್ವೇಷಕ್ಕೆ ಗುರಿಯಾಗುವವರು ಹಲವೊಮ್ಮೆ ನೋಟಕ್ಕೆ ಬಿಳಿಯರೇ. ಅವರನ್ನು ಬೇರೆಯಾಗಿಸುವುದು ರಕ್ತದ ಕಲ್ಪನೆ, ಸಂಪರ್ಕದಿಂದ ಕೆಡುತ್ತದೆ ಎಂಬ ಭಯ. ಕನ್ನಡದ ‘ಮೈಲಿಗೆ’ ಎಂಬ ಪದ ಈ ಭಯದ ಸಮೀಪಕ್ಕೆ ಬರುತ್ತದೆಯಾದರೂ, ಅದರ ಹಿಂದಿರುವ ಜಾತಿವ್ಯವಸ್ಥೆ ಬೇರೆ, ಅಮೆರಿಕದ ಇತಿಹಾಸ ಬೇರೆ. ಆದ್ದರಿಂದ ಇಲ್ಲಿ ‘ಜನಾಂಗದ್ವೇಷ’ ಎಂಬ ಪದವನ್ನೇ ಇಟ್ಟುಕೊಳ್ಳಲಾಗಿದೆ.

ವಿಲಿಯಂ ವೆಲ್‌ಮನ್ ನಿರ್ದೇಶನದ ‘ದಿ ಆಕ್ಸ್-ಬೋ ಇನ್ಸಿಡೆಂಟ್’ (1943) ವಾಲ್ಟರ್ ವ್ಯಾನ್ ಟಿಲ್ಬರ್ಗ್ ಕ್ಲಾರ್ಕ್ ಅವರ 1940ರ ಕಾದಂಬರಿಯನ್ನು ಆಧರಿಸಿದೆ. ಕಥೆ ನಡೆಯುವುದು 1885ರ ನೆವಾಡದಲ್ಲಿ. ದನಗಾಹಿಯೊಬ್ಬನ ಕೊಲೆಯಾಯಿತೆಂಬ ಸುದ್ದಿ ಊರಿಗೆ ಬರುತ್ತದೆ. ಷರೀಫ ಊರಲ್ಲಿಲ್ಲ. ಜನ ಗುಂಪುಗೂಡಿ ಹೊರಡುತ್ತಾರೆ. ಕಣಿವೆಯಲ್ಲಿ ಮಲಗಿದ್ದ ಮೂವರು ಅಪರಿಚಿತರನ್ನು ಹಿಡಿಯುತ್ತಾರೆ. ಬೆಳಗಾಗುವ ಹೊತ್ತಿಗೆ ನೇಣಿಗೇರಿಸುತ್ತಾರೆ. ಕೊಲೆಯೇ ಆಗಿರಲಿಲ್ಲ ಎಂಬುದು ಹಿಂದಿರುಗುವ ದಾರಿಯಲ್ಲಿ ಗೊತ್ತಾಗುತ್ತದೆ. ಎಪ್ಪತ್ತೈದು ನಿಮಿಷಗಳ ಈ ಚಿಕ್ಕ ಚಿತ್ರದಲ್ಲಿ ಮೇಲುನೋಟಕ್ಕೆ ಜನಾಂಗದ ಪ್ರಶ್ನೆ ಇಲ್ಲ. ನೇಣಿಗೇರಿದ ಮೂವರಲ್ಲಿ ಇಬ್ಬರು ಬಿಳಿಯರು. ಆದರೆ ಅಮೆರಿಕದ ಇತಿಹಾಸದಲ್ಲಿ ಗುಂಪು ಸೇರಿ ನೇಣುಹಾಕುವ ಪದ್ಧತಿಗೆ ಬಲಿಯಾದವರು ಹೆಚ್ಚಾಗಿ ಕಪ್ಪು ಜನರೆಂಬುದನ್ನು 1943ರ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಚಿತ್ರ ಅದನ್ನು ಒಂದು ಪಾತ್ರದ ಮೂಲಕ ನೆನಪಿಸುತ್ತದೆ. ಲೀ ವಿಪ್ಪರ್ ಅಭಿನಯಿಸಿದ ಸ್ಪಾರ್ಕ್ಸ್ ಎಂಬ ಕಪ್ಪು ಧರ್ಮಬೋಧಕನನ್ನು ಗುಂಪಿನವರು ಪ್ರಾರ್ಥನೆ ಹೇಳಲೆಂದು ಗೇಲಿ ಮಾಡುತ್ತಲೇ ಕರೆದೊಯ್ಯುತ್ತಾರೆ. ತಾನು ಚಿಕ್ಕವನಿದ್ದಾಗ ತನ್ನ ಅಣ್ಣನನ್ನು ಹೀಗೆಯೇ ಕೊಂದರೆಂದು ಅವನು ಒಂದೆರಡು ಮಾತಿನಲ್ಲಿ ಹೇಳಿ ಸುಮ್ಮನಾಗುತ್ತಾನೆ. ಗಲ್ಲು ಬೇಡವೆಂದು ಬೇರೆಯಾಗಿ ನಿಲ್ಲುವ ಏಳು ಜನರಲ್ಲಿ ಅವನೂ ಒಬ್ಬ.

ಮೂರನೆಯ ಬಲಿಯಾದ ಮೆಕ್ಸಿಕನ್ನನ ಪಾತ್ರವನ್ನು ವಹಿಸಿದವರು ಆಂಥನಿ ಕ್ವಿನ್. ಅವನು ಇಂಗ್ಲಿಷ್ ಬಾರದವನಂತೆ ನಟಿಸುತ್ತಾನೆ. ಬರುತ್ತದೆಂದು ತಿಳಿದೊಡನೆ ಗುಂಪು ಅದನ್ನೇ ಅಪರಾಧಕ್ಕೆ ಸಾಕ್ಷಿಯಾಗಿ ಎಣಿಸುತ್ತದೆ. ತನಗೆ ಇನ್ನೂ ಹತ್ತು ಭಾಷೆ ಬರುತ್ತದೆ, ಹೇಳಲು ಇಷ್ಟವಿಲ್ಲದ್ದನ್ನು ಯಾವ ಭಾಷೆಯಲ್ಲೂ ಹೇಳುವುದಿಲ್ಲ ಎಂಬ ಅರ್ಥದ ಉತ್ತರ ಅವನದು. ಪರಕೀಯನೆಂದು ಗುರುತಿಸಿದವನು ನಮ್ಮ ಭಾಷೆ ಅರಿಯದಿದ್ದರೆ ಅನಾಗರಿಕ, ಅರಿತಿದ್ದರೆ ವಂಚಕ. ಭಾಷೆಯನ್ನು ಕುರಿತ ಈ ಇಬ್ಬಗೆಯ ಅನುಮಾನ ಮುಂದಿನ ಚಿತ್ರಗಳಲ್ಲಿಯೂ ಬರುತ್ತದೆ.

ನೇಣಿಗೇರಿದವರಲ್ಲಿ ಒಬ್ಬ ಹೆಂಡತಿಗೆ ಬರೆದಿದ್ದ ಪತ್ರವನ್ನು ಹೆನ್ರಿ ಫೋಂಡಾ ಅಭಿನಯಿಸಿದ ಪಾತ್ರ ಸಾರಾಯಿ ಅಂಗಡಿಯಲ್ಲಿ ಗಟ್ಟಿಯಾಗಿ ಓದುತ್ತದೆ. ಕಾದಂಬರಿಯಲ್ಲಿ ಆ ಪತ್ರದ ಒಕ್ಕಣೆ ಓದುಗರಿಗೆ ಸಿಗುವುದಿಲ್ಲ. ಚಿತ್ರ ಅದನ್ನು ಓದಿಸಿ ನೀತಿಬೋಧೆಯ ಕಡೆಗೆ ಜಾರುತ್ತದೆ. ಕಲೆಯ ದೃಷ್ಟಿಯಿಂದ ಇದು ದುರ್ಬಲ ಭಾಗವೇ. ಆದರೆ ದೃಶ್ಯವನ್ನು ಸಂಯೋಜಿಸಿದ ಬಗೆ ಬೋಧೆಯನ್ನು ಸ್ವಲ್ಪ ತಡೆಹಿಡಿಯುತ್ತದೆ. ಓದುವವನ ಕಣ್ಣುಗಳು ಪಕ್ಕದವನ ಟೋಪಿಯ ಅಂಚಿನ ಹಿಂದೆ ಮರೆಯಾಗಿರುತ್ತವೆ. ಅವನೂ ಆ ರಾತ್ರಿ ಅಲ್ಲಿದ್ದವನು, ವಿರೋಧಿಸಿದರೂ ತಡೆಯಲಾಗದವನು. ಫೋಂಡಾ ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗ, 1919ರ ಸೆಪ್ಟೆಂಬರಿನಲ್ಲಿ, ಒಮಾಹ ನಗರದಲ್ಲಿ ವಿಲ್ ಬ್ರೌನ್ ಎಂಬ ಕಪ್ಪು ಮನುಷ್ಯನನ್ನು ಗುಂಪು ಕೊಂದದ್ದನ್ನು ತಂದೆಯ ಮುದ್ರಣಾಲಯದ ಕಿಟಕಿಯಿಂದ ಕಂಡಿದ್ದರು. ಇಂಥ ಕೊಲೆಗಳನ್ನು ದ್ವೇಷಾಪರಾಧವೆಂದು ಪರಿಗಣಿಸುವ ಒಕ್ಕೂಟ ಕಾನೂನು ಅಮೆರಿಕದಲ್ಲಿ ಜಾರಿಯಾದದ್ದು 2022ರಲ್ಲಿ.

ಮೂಲನಿವಾಸಿಗಳ ಪ್ರಶ್ನೆ ಮುಖ್ಯಧಾರೆಯ ವೆಸ್ಟರ್ನ್ ಚಿತ್ರಗಳಲ್ಲಿ ಸ್ಪಷ್ಟವಾಗಿ ಎದ್ದದ್ದು 1950ರಲ್ಲಿ. ಆ ವರ್ಷ ಬಂದ ಡೆಲ್ಮರ್ ಡೇವ್ಸ್ ಅವರ ‘ಬ್ರೋಕನ್ ಆ್ಯರೋ’ ಹೆಚ್ಚು ಪ್ರಸಿದ್ಧ. ಅಪಾಚಿ ನಾಯಕ ಕೊಚೀಸನನ್ನು ಘನತೆಯುಳ್ಳ ಮನುಷ್ಯನನ್ನಾಗಿ ಚಿತ್ರಿಸಿದ್ದು ಅದರ ಸಾಧನೆ. ಆದರೂ ಅದು ಸಮಾಧಾನದ ಚಿತ್ರ. ಬಿಳಿಯ ನಾಯಕನನ್ನು ಮದುವೆಯಾದ ಅಪಾಚಿ ಹುಡುಗಿ ಸಾಯುತ್ತಾಳೆ. ಆಕೆಯ ಸಾವಿನ ಮೇಲೆ ಶಾಂತಿ ಸ್ಥಾಪನೆಯಾಗುತ್ತದೆ. ಅಂತರ್ಜನಾಂಗೀಯ ದಾಂಪತ್ಯವನ್ನು ತೋರಿಸಿ, ಅದು ಮುಂದುವರಿಯುವ ಮುನ್ನವೇ ಮುಗಿಸುವ ಈ ತಂತ್ರ ಹಾಲಿವುಡ್ಡಿನಲ್ಲಿ ಹಲವು ಸಲ ಬಳಕೆಯಾಗಿದೆ.

ಅದೇ ವರ್ಷದ ಆಂಥನಿ ಮಾನ್ ನಿರ್ದೇಶನದ ‘ಡೆವಿಲ್ಸ್ ಡೋರ್‌ವೇ’ಗೆ ಅಷ್ಟು ಪ್ರಸಿದ್ಧಿ ದೊರೆಯಲಿಲ್ಲ. ಅದು ಸಮಾಧಾನ ಹೇಳುವ ಚಿತ್ರವಲ್ಲದಿರುವುದೂ ಇದಕ್ಕೆ ಒಂದು ಕಾರಣವಿರಬಹುದು. ಲ್ಯಾನ್ಸ್ ಪೂಲ್ ಎಂಬ ಶೊಷೋನ್ ಮನುಷ್ಯ ಅಂತರ್ಯುದ್ಧದಲ್ಲಿ ಉತ್ತರದ ಪರವಾಗಿ ಹೋರಾಡಿ, ರಾಷ್ಟ್ರದ ಅತ್ಯುನ್ನತ ಶೌರ್ಯಪದಕದೊಡನೆ ವಯೋಮಿಂಗಿನ ತನ್ನ ಊರಿಗೆ ಮರಳುತ್ತಾನೆ. ದನ ಸಾಕಿ ಬದುಕುವ ಆಸೆ ಅವನದು. ಆದರೆ ಸಾರಾಯಿ ಅಂಗಡಿಯಲ್ಲಿ ಅವನಿಗೆ ಕುಡಿಯಲು ಕೊಡುವಂತಿಲ್ಲ. ತಂದೆ ಸಾಯುವ ಸ್ಥಿತಿಯಲ್ಲಿದ್ದರೂ ವೈದ್ಯನಿಗೆ ಅವಸರವಿಲ್ಲ. ಇವೆಲ್ಲ ಅವಮಾನಗಳು, ಸಹಿಸಬಹುದು. ಚಿತ್ರ ಕೈಯಿಡುವ ವಿಷಯ ಇದಕ್ಕಿಂತ ದೊಡ್ಡದು. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ ಯಾರು ಬೇಕಾದರೂ ಸರ್ಕಾರದ ಭೂಮಿಯಲ್ಲಿ 160 ಎಕರೆಗಳವರೆಗೆ ತಮ್ಮದೆಂದು ದಾಖಲಿಸಿಕೊಳ್ಳಬಹುದಿತ್ತು. ಈ ‘ಯಾರು ಬೇಕಾದರೂ’ ಎಂಬುದರಲ್ಲಿ ಬರುವವರು ಪೌರರು, ಅಥವಾ ಪೌರರಾಗಲು ಇಚ್ಛಿಸಿದ ವಲಸೆಗಾರರು. ಮೂಲನಿವಾಸಿ ಪೌರನಲ್ಲ. ತಲೆಮಾರುಗಳಿಂದ ತನ್ನವರು ಬಾಳಿದ ಕಣಿವೆಯನ್ನು ಲ್ಯಾನ್ಸ್ ಪೂಲ್ ತನ್ನ ಹೆಸರಿಗೆ ಮಾಡಿಕೊಳ್ಳುವಂತಿಲ್ಲ. ನಿನ್ನೆ ಬಂದ ಕುರಿಗಾಹಿ ಮಾಡಿಕೊಳ್ಳಬಹುದು.

ಇದು ಚಿತ್ರಕಥೆಗಾರನ ಕಲ್ಪನೆಯಲ್ಲ. ಮೂಲನಿವಾಸಿಯು ಹುಟ್ಟಿನಿಂದ ಪೌರತ್ವ ಪಡೆಯುವುದಿಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1884ರಲ್ಲಿ ತೀರ್ಪಿತ್ತಿತು. ಎಲ್ಲ ಮೂಲನಿವಾಸಿಗಳಿಗೂ ಪೌರತ್ವ ನೀಡಿದ ಕಾಯ್ದೆ ಬಂದದ್ದು 1924ರಲ್ಲಿ. ವೆಸ್ಟರ್ನ್ ಪ್ರಕಾರದ ಸಾಮಾನ್ಯ ನಂಬಿಕೆಯೆಂದರೆ ಕಾನೂನು ಬಂದಲ್ಲಿ ಹಿಂಸೆ ತೊಲಗುತ್ತದೆ ಎಂಬುದು. ಮಾನ್ ಅವರ ಚಿತ್ರ ಇದನ್ನು ತಲೆಕೆಳಗು ಮಾಡುತ್ತದೆ. ಇಲ್ಲಿ ಕಾನೂನೇ ಹಿಂಸೆಯ ಉಪಕರಣ. ಲ್ಯಾನ್ಸ್ ಪೂಲನ ಪರವಾಗಿ ವಾದಿಸುವ ವಕೀಲೆ ಪ್ರಾಮಾಣಿಕಳು, ಕಾನೂನನ್ನು ಮನಸಾರೆ ನಂಬಿದವಳು. ಆದ್ದರಿಂದಲೇ ಅವನನ್ನು ಉಳಿಸಲಾರದವಳು. ಅವನ ಎದುರಾಳಿಗಳಾದ ಕುರಿಗಾಹಿಗಳೂ ಖಳರಲ್ಲ, ಹೊಟ್ಟೆಪಾಡಿಗಾಗಿ ಬಂದ ಬಡವರು. ಅವರನ್ನು ಎತ್ತಿಕಟ್ಟುವ ಖಳನೊಬ್ಬ ಇದ್ದಾನೆ. ಅವನು ಸತ್ತ ಮೇಲೂ ಏನೂ ಬದಲಾಗುವುದಿಲ್ಲ. ಕೊನೆಯಲ್ಲಿ ಲ್ಯಾನ್ಸ್ ಪೂಲ್ ತನ್ನ ಹಳೆಯ ಸೈನಿಕ ಸಮವಸ್ತ್ರ ತೊಟ್ಟು ಬಂದು, ಎದುರಿಗಿದ್ದ ಅಶ್ವದಳದ ಅಧಿಕಾರಿಗೆ ವಂದನೆ ಸಲ್ಲಿಸಿ ಕುಸಿಯುತ್ತಾನೆ. ಇಷ್ಟಾದರೂ ಆ ಪಾತ್ರವನ್ನು ವಹಿಸಿದವರು ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ರಾಬರ್ಟ್ ಟೇಲರ್. ಮೂಲನಿವಾಸಿಯ ಪರವಾದ ಚಿತ್ರದ ಕೇಂದ್ರದಲ್ಲಿಯೂ ಮೂಲನಿವಾಸಿಗೆ ಜಾಗವಿರಲಿಲ್ಲ.

ಇವೆರಡೂ ಚಿತ್ರಗಳಲ್ಲಿ ಪ್ರೇಕ್ಷಕ ದ್ವೇಷಿಸುವವರ ಪಾಳಯದ ಹೊರಗೆ ನಿಂತು ಮರುಗಬಹುದು. ಜಾನ್ ಫೋರ್ಡ್ ಅವರ ‘ದಿ ಸರ್ಚರ್ಸ್’ (1956) ಈ ಅನುಕೂಲವನ್ನು ಕಿತ್ತುಕೊಳ್ಳುತ್ತದೆ. ಇದರಲ್ಲಿ ದ್ವೇಷಿಸುವವನೇ ನಾಯಕ. ಆ ಪಾತ್ರದಲ್ಲಿ ಜಾನ್ ವೇಯ್ನ್, ಅಂದರೆ ಅಮೆರಿಕದ ಪ್ರೇಕ್ಷಕರು ಕಣ್ಣುಮುಚ್ಚಿ ನಂಬುತ್ತಿದ್ದ ನಟ.

ಕಥೆ 1868ರ ಟೆಕ್ಸಾಸಿನದು. ಸೋತ ದಕ್ಷಿಣದ ಪಕ್ಷದಲ್ಲಿ ಹೋರಾಡಿದ ಈಥನ್ ಎಡ್ವರ್ಡ್ಸ್, ಯುದ್ಧ ಮುಗಿದ ಮೂರು ವರ್ಷಗಳ ಮೇಲೆ ಅಣ್ಣತಮ್ಮಂದಿರ ಮನೆಗೆ ಬರುತ್ತಾನೆ. ತಾನು ಶರಣಾಗಲಿಲ್ಲ ಎಂಬ ಹೆಮ್ಮೆ ಅವನಿಗಿದೆ. ಸೋದರನ ಹೆಂಡತಿ ಮಾರ್ಥಾಳಿಗೂ ಅವನಿಗೂ ನಡುವೆ ಹೇಳದೆ ಉಳಿದ ಪ್ರೀತಿಯಿದೆ. ಚಿತ್ರ ಇದನ್ನು ಒಂದು ಮಾತಿನಲ್ಲೂ ಹೇಳುವುದಿಲ್ಲ. ಆಕೆ ಅವನ ಮೇಲಂಗಿಯನ್ನು ಸವರುವ ರೀತಿ, ಅದು ಕಣ್ಣಿಗೆ ಬಿದ್ದರೂ ಬೀಳದವನಂತೆ ಕಾಫಿ ಕುಡಿಯುತ್ತ ನಿಂತ ಇನ್ನೊಬ್ಬನ ಮುಖ, ಇಷ್ಟೇ ಸಾಕಾಗುತ್ತದೆ. ಕೆಲವೇ ಸಮಯದಲ್ಲಿ ಕೊಮಾಂಚಿಗಳ ದಾಳಿಯಲ್ಲಿ ಆ ಕುಟುಂಬ ನಾಶವಾಗುತ್ತದೆ. ಹಿರಿಯ ಮಗಳು ಲೂಸಿಯ ಶವ ಸಿಗುತ್ತದೆ. ಕಿರಿಯವಳು ಡೆಬಿಯನ್ನು ಹುಡುಕಿಕೊಂಡು ಈಥನ್ ಮತ್ತು ಮಾರ್ಟಿನ್ ಪಾಲಿ ಐದು ವರ್ಷ ಅಲೆಯುತ್ತಾರೆ. ಮಾರ್ಟಿನ್ ಆ ಮನೆಯಲ್ಲಿ ಬೆಳೆದ ಅನಾಥ. ಎಂಟರಲ್ಲೊಂದು ಪಾಲು ಚೆರೊಕೀ ರಕ್ತದವನು.

ಅಲೆದಾಟದ ಉದ್ದೇಶ ನಡುವೆ ಬದಲಾಗುವುದು ಈ ಚಿತ್ರದ ತಿರುಳು. ಡೆಬಿ ಬೆಳೆದು ಕೊಮಾಂಚಿ ಹೆಣ್ಣಾಗಿರುತ್ತಾಳೆ ಎಂಬುದು ಮನವರಿಕೆಯಾದಂತೆ ಈಥನ್ ಅವಳನ್ನು ಹುಡುಕುವುದು ಕಾಪಾಡಲು ಅಲ್ಲ, ಕೊಲ್ಲಲು. ಮಾರ್ಟಿನ್ ಜೊತೆಗೆ ಹೋಗುವುದು ಆ ಕೊಲೆಯನ್ನು ತಡೆಯಲು. ಸೈನ್ಯ ಬಿಡಿಸಿ ತಂದ, ಬುದ್ಧಿ ಕದಡಿಹೋದ ಬಿಳಿಯ ಹೆಂಗಸರನ್ನು ತೋರಿಸುವ ದೃಶ್ಯದಲ್ಲಿ ಇವರು ಬಿಳಿಯರೆಂದು ನಂಬುವುದೇ ಕಷ್ಟ ಎಂದು ಅಧಿಕಾರಿಯೊಬ್ಬ ಹೇಳುತ್ತಾನೆ. ಈಗ ಇವರು ಬಿಳಿಯರಲ್ಲ ಎಂಬುದು ಈಥನ್‌ನ ಉತ್ತರ. ಕ್ಯಾಮೆರಾ ಅವನ ಮುಖದತ್ತ ಸಾಗಿ ನಿಲ್ಲುತ್ತದೆ. ಆ ಹೆಂಗಸರ ದುರವಸ್ಥೆಗಿಂತ ಆ ಮುಖ ಹೆಚ್ಚು ಭಯ ಹುಟ್ಟಿಸುತ್ತದೆ.

ರಕ್ತದ ತರ್ಕ ಎಷ್ಟು ಟೊಳ್ಳೆಂಬುದನ್ನು ಚಿತ್ರ ಒಂದು ಉಯಿಲಿನ ಮೂಲಕ ಬಯಲಿಗೆ ತರುತ್ತದೆ. ಬಾಣ ತಗುಲಿ ನರಳುತ್ತಿರುವ ಈಥನ್ ತನ್ನ ಆಸ್ತಿಯನ್ನೆಲ್ಲ ಮಾರ್ಟಿನ್‌ಗೆ ಬರೆಯುತ್ತಾನೆ. ತನಗೆ ರಕ್ತಸಂಬಂಧಿಗಳು ಯಾರೂ ಇಲ್ಲವೆಂಬುದು ಅವನು ಕೊಡುವ ಕಾರಣ. ಡೆಬಿ ಬದುಕಿದ್ದಾಳಲ್ಲ ಎಂದು ಮಾರ್ಟಿನ್ ಕೇಳಿದರೆ, ಕೊಮಾಂಚಿಯೊಡನೆ ಬಾಳಿದವಳು ತನಗೆ ಸಂಬಂಧವಲ್ಲ ಎನ್ನುತ್ತಾನೆ. ಒಡಹುಟ್ಟಿದವನ ಮಗಳು ರಕ್ತಸಂಬಂಧಿಯಲ್ಲ. ಇಷ್ಟು ವರ್ಷ ‘ಮಿಶ್ರತಳಿ’ಯೆಂದು ಹೀಯಾಳಿಸಿದ ಹುಡುಗ ವಾರಸುದಾರ. ಶುದ್ಧರಕ್ತವನ್ನು ಕಾಪಾಡಲು ಹೊರಟವನು ರಕ್ತವನ್ನೇ ತಳ್ಳಿಹಾಕಬೇಕಾಗುತ್ತದೆ. ಮಾರ್ಟಿನ್ ಆ ಕಾಗದವನ್ನು ಸ್ವೀಕರಿಸುವುದಿಲ್ಲ. ಈ ಚಿತ್ರದಲ್ಲಿ ನೈತಿಕವಾಗಿ ಗಟ್ಟಿ ನೆಲದ ಮೇಲೆ ನಿಂತವನು ಅವನೊಬ್ಬನೇ ಎನ್ನಬೇಕು.

ಕೊಮಾಂಚಿ ನಾಯಕ ಸ್ಕಾರ್ ಮತ್ತು ಈಥನ್ ಮುಖಾಮುಖಿಯಾಗುವ ಭಾಗ ಇನ್ನೂ ಸೂಕ್ಷ್ಮ. ಒಬ್ಬನು ಇನ್ನೊಬ್ಬನ ಭಾಷೆಯನ್ನು ಚೆನ್ನಾಗಿ ಆಡುತ್ತಾನೆ; ಯಾರು ಕಲಿಸಿದರು ಎಂದು ಇಬ್ಬರೂ ವ್ಯಂಗ್ಯವಾಗಿ ಕೇಳಿಕೊಳ್ಳುತ್ತಾರೆ. ಸ್ಕಾರನ ಮಕ್ಕಳನ್ನು ಬಿಳಿಯರು ಕೊಂದಿದ್ದಾರೆ. ಅದಕ್ಕೆ ಪ್ರತಿಯಾಗಿ ಅವನು ನೆತ್ತಿಯ ಚರ್ಮಗಳನ್ನು ಸುಲಿದು ಗೂಟಕ್ಕೆ ಕಟ್ಟಿದ್ದಾನೆ. ಈಥನ್‌ನ ತಾಯಿಯನ್ನು ಕೊಮಾಂಚಿಗಳು ಕೊಂದಿದ್ದರೆಂದು ಸಮಾಧಿಕಲ್ಲಿನ ಬರಹದಿಂದ ತಿಳಿಯುತ್ತದೆ. ಅವನೂ ಕೊನೆಯಲ್ಲಿ ಸತ್ತ ಸ್ಕಾರನ ನೆತ್ತಿಯನ್ನು ಸುಲಿಯುತ್ತಾನೆ. ಕೊಮಾಂಚಿಗಳ ನಂಬಿಕೆಯಲ್ಲಿ ಕಣ್ಣಿಲ್ಲದವನು ಪರಲೋಕ ಸೇರಲಾರನೆಂದು ಚಿತ್ರದ ಆರಂಭದಲ್ಲೇ ಅವನು ಹೆಣವೊಂದರ ಕಣ್ಣುಗಳಿಗೆ ಗುಂಡು ಹೊಡೆಯುತ್ತಾನೆ. ಆ ಜನರ ಭಾಷೆ, ನಂಬಿಕೆ, ಪದ್ಧತಿ ಎಲ್ಲವನ್ನೂ ಅರಿತವನು ಅವನು. ಅಜ್ಞಾನವೇ ದ್ವೇಷದ ಮೂಲ, ಅರಿವು ಬಂದರೆ ದ್ವೇಷ ಕರಗುತ್ತದೆ ಎಂಬ ಉದಾರವಾದಿ ನಂಬಿಕೆಗೆ ಈ ಪಾತ್ರ ಕೊಡುವ ಪೆಟ್ಟು ಸಣ್ಣದಲ್ಲ. ಈಥನ್‌ನ ಅರಿವೆಲ್ಲವೂ ದ್ವೇಷದ ಸೇವೆಗೆ ನಿಂತಿದೆ.

ದ್ವೇಷ ಒಬ್ಬ ಉನ್ಮತ್ತನ ರೋಗವೆಂದು ಪ್ರೇಕ್ಷಕ ಹಗುರವಾಗದಂತೆಯೂ ಫೋರ್ಡ್ ನೋಡಿಕೊಂಡಿದ್ದಾರೆ. ಮಾರ್ಟಿನ್‌ನನ್ನು ಪ್ರೀತಿಸುವ ಲಾರಿ ಎಂಬ ಹುಡುಗಿ ಚಿತ್ರದುದ್ದಕ್ಕೂ ಚುರುಕು ಮಾತಿನವಳು, ಎಲ್ಲರಿಗೂ ಮೆಚ್ಚಾಗುವವಳು. ಅವಳೇ ಬಿಳಿಯ ಮದುವೆಯುಡುಗೆಯಲ್ಲಿ ನಿಂತು, ಡೆಬಿಯ ತಲೆಗೆ ಈಥನ್ ಗುಂಡು ಹೊಡೆಯುವುದೇ ಸರಿ, ಅವಳ ತಾಯಿ ಇದ್ದರೂ ಅದನ್ನೇ ಬಯಸುತ್ತಿದ್ದಳು ಎನ್ನುತ್ತಾಳೆ. ಅವಳಿಗೆ ಯಾರ ಮೇಲೂ ಸಿಟ್ಟಿಲ್ಲ. ಸುತ್ತಲಿನವರೆಲ್ಲ ಒಪ್ಪಿಕೊಂಡ ಮಾತನ್ನು ಅವಳು ಆಡುತ್ತಿದ್ದಾಳೆ, ಅಷ್ಟೇ. ಚಿತ್ರದ ಅತ್ಯಂತ ಕ್ರೂರ ಮಾತು ಇದು.

ವಿಮರ್ಶಕ ಬ್ರಯನ್ ಹೆಂಡರ್ಸನ್ ಈ ಚಿತ್ರವನ್ನು 1950ರ ದಶಕದ ಅಮೆರಿಕದೊಡನೆ ಇಟ್ಟು ಓದಿದ್ದಾರೆ. ಶಾಲೆಗಳಲ್ಲಿ ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 1954ರ ಮೇ ತಿಂಗಳಲ್ಲಿ. 1955ರ ಆಗಸ್ಟಿನಲ್ಲಿ ಮಿಸಿಸಿಪಿ ರಾಜ್ಯದಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕರ ಹುಡುಗನ ಕೊಲೆಯಾಯಿತು; ಬಿಳಿಯ ಹೆಂಗಸಿನೊಡನೆ ಸಲಿಗೆಯಿಂದ ವರ್ತಿಸಿದನೆಂಬುದು ಅವನ ಮೇಲಿದ್ದ ಆರೋಪ. ಅದೇ ಡಿಸೆಂಬರಿನಲ್ಲಿ ಮಾಂಟ್ಗೊಮರಿಯ ಬಸ್ ಬಹಿಷ್ಕಾರ ಆರಂಭವಾಯಿತು. ಕಪ್ಪು-ಬಿಳಿ ಜನಾಂಗಗಳ ಲೈಂಗಿಕ ಸಂಬಂಧವನ್ನು ತೆರೆಯ ಮೇಲೆ ನಿಷೇಧಿಸಿದ್ದ ಹಾಲಿವುಡ್ಡಿನ ನಿರ್ಮಾಣ ಸಂಹಿತೆಯ ನಿಯಮ 1956ರ ಡಿಸೆಂಬರಿನ ಪರಿಷ್ಕರಣೆಯವರೆಗೂ ಉಳಿದಿತ್ತು. ಕಪ್ಪು ಜನರ ಕುರಿತು ನೇರವಾಗಿ ಹೇಳಲಾಗದ್ದನ್ನು ಚಿತ್ರ ಕೊಮಾಂಚಿಗಳ ಹೆಸರಿನಲ್ಲಿ ಹೇಳುತ್ತಿದೆ ಎಂಬ ಈ ಓದು ಬಹುಮಟ್ಟಿಗೆ ಒಪ್ಪತಕ್ಕದ್ದೇ. ಆದರೆ ಇದಕ್ಕೊಂದು ಬೆಲೆಯಿದೆ. ಕೊಮಾಂಚಿಗಳನ್ನು ರೂಪಕವಾಗಿಸಿದ ಕೂಡಲೇ ಕೊಮಾಂಚಿಗಳ ಸ್ವಂತ ಇತಿಹಾಸ ಹಿಂದೆ ಸರಿಯುತ್ತದೆ.

ಆ ಇತಿಹಾಸ ಚಿತ್ರಕ್ಕಿಂತ ತೊಡಕಿನದು. ಚಿತ್ರದ ಮೂಲ ಅಲನ್ ಲಿಮೇ ಅವರ 1954ರ ಕಾದಂಬರಿ. ಅದರ ಹಿಂದೆ ಸಿಂತಿಯಾ ಆ್ಯನ್ ಪಾರ್ಕರ್ ಎಂಬಾಕೆಯ ಬದುಕಿದೆ. 1836ರಲ್ಲಿ ಟೆಕ್ಸಾಸಿನ ಪಾರ್ಕರ್ ಕೋಟೆಯಿಂದ ಕೊಮಾಂಚಿಗಳು ಒಯ್ದಾಗ ಆಕೆ ಸುಮಾರು ಒಂಬತ್ತು ವರ್ಷದ ಬಾಲಕಿ. ಅವಳ ಚಿಕ್ಕಪ್ಪ ಜೇಮ್ಸ್ ಪಾರ್ಕರ್ ವರ್ಷಗಟ್ಟಲೆ ಹುಡುಕಿದ. ಇಪ್ಪತ್ತನಾಲ್ಕು ವರ್ಷಗಳ ಬಳಿಕ, 1860ರಲ್ಲಿ, ಪೀಸ್ ನದಿಯ ಬಳಿ ಟೆಕ್ಸಾಸಿನ ಪಡೆ ಅವಳನ್ನು ‘ಬಿಡಿಸಿತು’. ಅಷ್ಟರಲ್ಲಿ ಅವಳು ಕೊಮಾಂಚಿಯೊಬ್ಬನ ಹೆಂಡತಿ, ಮಕ್ಕಳ ತಾಯಿ. ಬಿಡುಗಡೆಯಾದ ಮೇಲೆ ಆಕೆ ಬಯಸಿದ್ದು ತನ್ನ ಕೊಮಾಂಚಿ ಮನೆಗೆ ಹಿಂದಿರುಗುವುದನ್ನು; ಅದಕ್ಕಾಗಿ ತಪ್ಪಿಸಿಕೊಳ್ಳಲು ಯತ್ನಿಸಿದಳು, ಹಿಂದಿರುಗಲಾಗದೆಯೇ ಸತ್ತಳು. ಅವಳ ಮಗ ಕ್ವಾನಾ ಪಾರ್ಕರ್ ಕೊಮಾಂಚಿಗಳ ಪ್ರಸಿದ್ಧ ನಾಯಕನಾದ. ಲಿಮೇ ಕಾದಂಬರಿಗೆ ಇನ್ನೊಬ್ಬ ವ್ಯಕ್ತಿಯೂ ಪ್ರೇರಣೆಯೆಂದು ಹೇಳುವುದುಂಟು. ಅವನು ಬ್ರಿಟ್ ಜಾನ್ಸನ್. 1864ರ ಎಲ್ಮ್ ಕ್ರೀಕ್ ದಾಳಿಯಲ್ಲಿ ಸೆರೆಯಾದ ಹೆಂಡತಿ ಮಕ್ಕಳನ್ನು ಹುಡುಕಿ ಮರಳಿ ಪಡೆದವನು. ಜಾನ್ಸನ್ ಕಪ್ಪು ಮನುಷ್ಯ. ಹೆಂಡತಿ ಹೇಗಿದ್ದರೂ ಅವಳು ತನ್ನವಳೆಂದು ಮನೆಗೆ ಕರೆತಂದ ಕಪ್ಪು ಮನುಷ್ಯನ ಜಾಗದಲ್ಲಿ, ಗುಲಾಮಗಿರಿಯ ಪರವಾಗಿ ಹೋರಾಡಿದ ಬಿಳಿಯನನ್ನು ತಂದು ನಿಲ್ಲಿಸಲಾಗಿದೆ. 1868ರ ಟೆಕ್ಸಾಸನ್ನು ತೋರಿಸುವ ಈ ಚಿತ್ರದಲ್ಲಿ ಕಪ್ಪು ಜನರ ಒಂದು ಪಾತ್ರವೂ ಇಲ್ಲ.

ಚಿತ್ರದ ಇತಿಮಿತಿಗಳು ಇನ್ನೂ ಇವೆ. ಸ್ಕಾರ್ ಪಾತ್ರ ವಹಿಸಿದ ಹೆನ್ರಿ ಬ್ರ್ಯಾಂಡನ್ ಜರ್ಮನಿಯಲ್ಲಿ ಹುಟ್ಟಿದ ಬಿಳಿಯ ನಟ. ಉಳಿದ ಕೊಮಾಂಚಿಗಳಾಗಿ ಕಾಣಿಸಿಕೊಂಡವರು ನವಾಹೋ ಜನ. ಚಿತ್ರೀಕರಣ ನಡೆದ ಮಾನ್ಯುಮೆಂಟ್ ಕಣಿವೆ ಅವರದೇ ನೆಲ. ಎಲ್ಲಕ್ಕಿಂತ ಹೆಚ್ಚು ಮುಜುಗರ ತರುವುದು ‘ಲುಕ್’ ಎಂಬ ಹೆಂಗಸಿನ ಪ್ರಸಂಗ. ವ್ಯಾಪಾರದ ನಡುವೆ ಅರಿಯದೆ ಮಾರ್ಟಿನ್‌ಗೆ ಹೆಂಡತಿಯಾದವಳು ಆಕೆ. ದಪ್ಪ ಮೈಯ, ಮಾತು ತಿಳಿಯದ ಅವಳನ್ನು ನಗೆಗೀಡು ಮಾಡಲಾಗಿದೆ. ಮಾರ್ಟಿನ್ ಅವಳನ್ನು ಒದ್ದು ಇಳಿಜಾರಿನಲ್ಲಿ ಉರುಳಿಸುವುದನ್ನು ಹಾಸ್ಯವೆಂದು ತೋರಿಸಲಾಗಿದೆ. ಕೆಲವು ದೃಶ್ಯಗಳ ನಂತರ, ಹಿಮ ಬಿದ್ದ ನೆಲದಲ್ಲಿ ಅಶ್ವದಳ ಸುಟ್ಟುಹಾಕಿದ ಹಳ್ಳಿಯೊಂದರಲ್ಲಿ ಅವಳ ಶವ ಸಿಗುತ್ತದೆ. ಯಾರಿಗೂ ಕೇಡು ಮಾಡದ ಇವಳನ್ನು ಸೈನಿಕರು ಏಕೆ ಕೊಂದರೆಂದು ಮಾರ್ಟಿನ್ ಕೇಳುತ್ತಾನೆ. 1868ರ ನವೆಂಬರಿನಲ್ಲಿ ಕಸ್ಟರನ ಏಳನೆಯ ಅಶ್ವದಳ ವಾಶಿಟಾ ನದಿಯ ದಂಡೆಯಲ್ಲಿ ಚೆಯೆನ್ ಬಿಡಾರದ ಮೇಲೆ ನಡೆಸಿದ ದಾಳಿಯನ್ನು ಈ ದೃಶ್ಯ ನೆನಪಿಗೆ ತರುತ್ತದೆ. ಹಿಂದಿನ ನಗುವಿಗೆ ಪ್ರೇಕ್ಷಕ ನಾಚಿಕೊಳ್ಳಲೆಂದೇ ಫೋರ್ಡ್ ಇದನ್ನು ಹೀಗೆ ಹೆಣೆದರೆಂದು ವಾದಿಸಬಹುದು. ಆದರೆ ಒದೆತದ ದೃಶ್ಯವನ್ನು ಚಿತ್ರಿಸಿರುವ ಉತ್ಸಾಹ ಆ ವಾದವನ್ನು ಪೂರ್ತಿಯಾಗಿ ಒಪ್ಪಲು ಬಿಡುವುದಿಲ್ಲ. ಜನಾಂಗದ್ವೇಷವನ್ನು ಪರಿಶೀಲಿಸುವ ಕಣ್ಣು ಮತ್ತು ಅದರಲ್ಲಿ ಭಾಗಿಯಾದ ಕಣ್ಣು ಇಲ್ಲಿ ಒಂದೇ.

ಕೊನೆಗೆ ಈಥನ್ ಓಡುತ್ತಿರುವ ಡೆಬಿಯನ್ನು ಅಟ್ಟಿ ಹಿಡಿಯುತ್ತಾನೆ. ಕೊಲ್ಲುವ ಬದಲು ಎರಡೂ ಕೈಗಳಿಂದ ಮೇಲೆತ್ತಿ, ಮನೆಗೆ ಹೋಗೋಣವೆನ್ನುತ್ತಾನೆ. ಮೊದಲ ರಾತ್ರಿ ಪುಟ್ಟ ಮಗುವನ್ನು ಎತ್ತಿದ್ದ ಭಂಗಿಯೇ ಇದು. ಕಾದಂಬರಿಯಲ್ಲಿ ಇಂಥ ಮುಕ್ತಾಯವಿಲ್ಲ. ಅಲ್ಲಿ ಈ ಪಾತ್ರ ಡೆಬಿಯೆಂದು ಭ್ರಮಿಸಿದ ಕೊಮಾಂಚಿ ಹೆಂಗಸಿನ ಕೈಯಿಂದ ಸಾಯುತ್ತದೆ. ಈ ದೃಶ್ಯವನ್ನು ಪಶ್ಚಾತ್ತಾಪವೆಂದು, ದ್ವೇಷದಿಂದ ಬಿಡುಗಡೆಯೆಂದು ಓದುವುದು ಸಾಮಾನ್ಯ. ಆ ಓದಿಗೆ ಚಿತ್ರದಲ್ಲಿ ಆಧಾರ ಸಾಲದು. ಇದಕ್ಕೆ ಸ್ವಲ್ಪ ಮುಂಚೆಯಷ್ಟೇ ಈಥನ್ ಸ್ಕಾರನ ನೆತ್ತಿ ಸುಲಿದಿದ್ದಾನೆ. ಕೊಮಾಂಚಿಗಳ ಬಗೆಗೆ ಅವನ ಮಾತಾಗಲಿ ನಡೆಯಾಗಲಿ ಎಲ್ಲಿಯೂ ಬದಲಾಗಿಲ್ಲ. ತೋಳಲ್ಲಿ ಸಿಕ್ಕ ದೇಹಕ್ಕೆ ತೋಳುಗಳು ಹಳೆಯ ಅಭ್ಯಾಸದಿಂದ ಓಗೊಟ್ಟವು ಎಂದಷ್ಟೇ ಹೇಳಬಹುದು. ಅವನು ಒಬ್ಬ ಹುಡುಗಿಯನ್ನು ಕೊಲ್ಲದೆ ಬಿಟ್ಟ. ಕೊಲ್ಲಬೇಕೆಂದು ಹೇಳಿಕೊಟ್ಟ ನಂಬಿಕೆಯನ್ನು ಬಿಟ್ಟನೆಂದು ಚಿತ್ರ ಹೇಳುವುದಿಲ್ಲ. ಡೆಬಿಯನ್ನು ನೆರೆಯವರ ಮನೆಗೆ ತಲುಪಿಸಿದ ಮೇಲೆ ಎಲ್ಲರೂ ಒಳಗೆ ಹೋಗುತ್ತಾರೆ. ಹೊಸ್ತಿಲ ಹೊರಗೆ ನಿಂತ ಈಥನ್ ತಿರುಗಿ ನಡೆಯುತ್ತಾನೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಮನೆಯೊಳಗೆ ಇರುವವರಲ್ಲಿ ಲಾರಿಯೂ ಒಬ್ಬಳು ಎಂಬುದನ್ನು ಮ��ೆಯಬಾರದು. ದ್ವೇಷ ಹೊರಗುಳಿಯಿತು, ನಾಗರಿಕತೆ ಒಳಗೆ ಸೇರಿತು ಎಂಬ ಸರಳ ವಿಭಜನೆ ಇಲ್ಲಿ ಸಲ್ಲುವುದಿಲ್ಲ.

ಲಿಮೇ ಅವರದೇ ಇನ್ನೊಂದು ಕಾದಂಬರಿಯಿಂದ ಜಾನ್ ಹ್ಯೂಸ್ಟನ್ ‘ದಿ ಅನ್‌ಫರ್ಗಿವನ್’ (1960) ಮಾಡಿದರು. ಅದರಲ್ಲಿ ಬಿಳಿಯ ಕುಟುಂಬದಲ್ಲಿ ಬೆಳೆದ ಹುಡುಗಿ ಹುಟ್ಟಿನಿಂದ ಕಯೋವಾ. ವಸ್ತು ಹಿಂದುಮುಂದಾಗಿದ್ದರೂ ಧೈರ್ಯ ಕಡಿಮೆ. ಕೊನೆಗೆ ಆಕೆ ಕರೆದೊಯ್ಯಲು ಬಂದ ಒಡಹುಟ್ಟಿದ ಅಣ್ಣನಿಗೇ ಗುಂಡು ಹೊಡೆದು ತನ್ನ ಬಿಳಿತನವನ್ನು ರುಜುವಾತು ಮಾಡುತ್ತಾಳೆ.

ಅದೇ 1960ರಲ್ಲಿ ಫೋರ್ಡ್ ಕಪ್ಪು ಸೈನಿಕನೊಬ್ಬನನ್ನು ಕೇಂದ್ರದಲ್ಲಿಟ್ಟು ‘ಸಾರ್ಜೆಂಟ್ ರಟ್ಲೆಜ್’ ತೆಗೆದರು. ಒಂಬತ್ತನೆಯ ಅಶ್ವದಳದ ಬ್ರ್ಯಾಕ್ಸ್‌ಟನ್ ರಟ್ಲೆಜ್ ಮೇಲೆ ಬಿಳಿಯ ಹುಡುಗಿಯೊಬ್ಬಳ ಅತ್ಯಾಚಾರ ಮತ್ತು ಕೊಲೆಯ ಆರೋಪ. ಸೇನಾ ನ್ಯಾಯಾಲಯದ ವಿಚಾರಣೆಯಲ್ಲಿ ಸಾಕ್ಷಿಗಳ ನೆನಪುಗಳಾಗಿ ಕಥೆ ಬಿಚ್ಚಿಕೊಳ್ಳುತ್ತದೆ. ಶವದ ಬಳಿ ಕಪ್ಪು ಮನುಷ್ಯ ಕಂಡುಬಂದರೆ ತೀರ್ಪು ಮೊದಲೇ ಸಿದ್ಧವಾಗಿರುತ್ತದೆಂದು ಬಲ್ಲ ರಟ್ಲೆಜ್ ಓಡಿಹೋಗುತ್ತಾನೆ. ಆದರೆ ತನ್ನ ದಳ ಅಪಾಯದಲ್ಲಿದೆಯೆಂದು ತಿಳಿದು ಹಿಂದಿರುಗುತ್ತಾನೆ. ಏಕೆ ಹಿಂದಿರುಗಿದೆ ಎಂಬ ಪ್ರಶ್ನೆಗೆ, ಆ ದಳವೇ ತನ್ನ ಮನೆ, ಸ್ವಾತಂತ್ರ್ಯ, ಆತ್ಮಗೌರವ ಎಂದು ವುಡಿ ಸ್ಟ್ರೋಡ್ ಕೊಡುವ ಉತ್ತರ ಆ ಕಾಲದ ಹಾಲಿವುಡ್ಡಿನಲ್ಲಿ ಕಪ್ಪು ನಟನೊಬ್ಬನಿಗೆ ದೊರೆತ ಅತ್ಯಂತ ಘನವಾದ ಕ್ಷಣಗಳಲ್ಲೊಂದು. ಆದರೆ ಆ ಮನೆಯನ್ನು ಅವನಿಗೆ ಗಳಿಸಿಕೊಡುವುದು ಅಪಾಚಿಗಳ ವಿರುದ್ಧದ ಯುದ್ಧ. ಒಂದು ಜನಾಂಗ ತನ್ನ ಪೌರತ್ವವನ್ನು ಸಾಬೀತುಪಡಿಸಲು ಇನ್ನೊಂದು ಜನಾಂಗವನ್ನು ಕೊಲ್ಲಬೇಕಾಗಿ ಬಂದ ಈ ದುರಂತವನ್ನು ಚಿತ್ರ ಗುರುತಿಸುವುದಿಲ್ಲ. ಪಾತ್ರಧಾರಿಗಳ ಪಟ್ಟಿಯಲ್ಲಿ ಮೊದಲ ಹೆಸರು, ಅವನ ಪರವಾಗಿ ವಾದಿಸುವ ಬಿಳಿಯ ಅಧಿಕಾರಿಯ ಪಾತ್ರ ವಹಿಸಿದ ಜೆಫ್ರಿ ಹಂಟರ್ ಅವರದು. ಶೀರ್ಷಿಕೆಯಲ್ಲಿ ಹೆಸರಿರುವ ಪಾತ್ರದ ನಟ ಕೆಳಗಿದ್ದಾನೆ.

ಎರಡು ವರ್ಷಗಳ ನಂತರ ಫೋರ್ಡ್ ಅವರ ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲನ್ಸ್’ (1962) ಚಿತ್ರದಲ್ಲಿ ಸ್ಟ್ರೋಡ್ ಮತ್ತೆ ಕಾಣಿಸಿಕೊಂಡರು, ಈ ಬಾರಿ ಪಾಂಪಿ ಎಂಬ ಆಳಿನ ಪಾತ್ರದಲ್ಲಿ. ಜೇಮ್ಸ್ ಸ್ಟೂವರ್ಟ್ ಅಭಿನಯಿಸಿದ ವಕೀಲ ರ‍್ಯಾನ್ಸಮ್ ಸ್ಟಾಡರ್ಡ್ ಊರಿನವರಿಗೆ ಅಕ್ಷರ ಕಲಿಸುತ್ತಿದ್ದಾನೆ. ಸ್ವಾತಂತ್ರ್ಯ ಘೋಷಣೆಯ ಸಾಲುಗಳನ್ನು ಒಪ್ಪಿಸಲು ಪಾಂಪಿ ಎದ್ದು ನಿಲ್ಲುತ್ತಾನೆ. ಹಿಂದೆ ಗೋಡೆಯ ಮೇಲೆ ಲಿಂಕನ್ನರ ಚಿತ್ರವಿದೆ. ಎಲ್ಲ ಮನುಷ್ಯರೂ ಸಮಾನರೆಂದು ಹೇಳುವ ಭಾಗ ಬಂದಾಗ ಅವನಿಗೆ ಮಾತು ಮರೆತುಹೋಗುತ್ತದೆ. ಆ ಭಾಗವನ್ನು ಬಹಳ ಜನ ಮರೆಯುತ್ತಾರೆ ಎಂದು ಮೇಷ್ಟ್ರು ಸಮಾಧಾನ ಹೇಳುತ್ತಾನೆ. ಪಾಂಪಿಯ ಯಜಮಾನ ಬಂದು, ಕೆಲಸ ಬಿಟ್ಟು ಇಲ್ಲಿ ಕುಳಿತಿದ್ದೀಯಾ ಎಂದು ಗದರಿ ಅವನನ್ನು ಕರೆದೊಯ್ಯುತ್ತಾನೆ. ಒಂದೆರಡು ನಿಮಿಷಗಳ ಈ ದೃಶ್ಯ ‘ಸಾರ್ಜೆಂಟ್ ರಟ್ಲೆಜ್’ ಚಿತ್ರದ ಉದ್ದನೆಯ ವಿಚಾರಣೆಗಿಂತ ಹೆಚ್ಚು ದೂರ ಹೋಗುತ್ತದೆ. ಇಲ್ಲಿ ಖಳನಿಲ್ಲ, ಇರುವವರೆಲ್ಲ ಒಳ್ಳೆಯವರೇ. ದಶಕಗಳ ನಂತರ ಯಜಮಾನ ಸತ್ತಾಗ ಮರದ ಪೆಟ್ಟಿಗೆಯ ಪಕ್ಕದಲ್ಲಿ ಮುದಿ ಪಾಂಪಿ ಒಬ್ಬನೇ ಕುಳಿತಿರುತ್ತಾನೆ. ಅಂದು ಪಾಠ ಹೇಳಿದ ಮೇಷ್ಟ್ರು ಈಗ ಸೆನೆಟರ್. ರೈಲಿಗೆ ಹೊರಡುವ ಮುನ್ನ ಅವನು ಪಾಂಪಿಯ ಕೈಗೆ ಊಟದ ಖರ್ಚಿಗೆಂದು ಒಂದಿಷ್ಟು ಹಣ ತುರುಕುತ್ತಾನೆ.